ಜೋಳದ ಹಕ್ಕಿಯ ಚರಿತ್ರೆ: ಕವಣೆಯಿಂದ ಕ್ಯಾಮೆರಾದವರೆಗೆ



ಇತಿಹಾಸ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಬಾಯಿಪಾಠ ಮಾಡಬೇಕಾದ ಇಸವಿಗಳು. ಆದರೆ ಒಂದು ಹಕ್ಕಿಗೂ ಇತಿಹಾಸ ಇರುತ್ತದೆ. ಆ ಹಕ್ಕಿಯನ್ನು ನೋಡಿದವರು, ಓಡಿಸಿದವರು, ಅದರ ಬಗ್ಗೆ ಬರೆದಿಟ್ಟವರು ಇದ್ದರೆ ಅದು ನಮ್ಮದೇ ಹೊಲಗಳ ಇತಿಹಾಸವೂ ಆಗುತ್ತದೆ. ಪ್ರತಿ ಚಳಿಗಾಲದಲ್ಲಿ ಕೃಷ್ಣಾ, ಪಂಚಗಂಗಾ ಸೀಮೆಗೆ ಸಾವಿರಾರು ಸಂಖ್ಯೆಯಲ್ಲಿ ಬರುವ ಗುಲಾಬಿ ಕಬ್ಬಕ್ಕಿ ಅಂಥ ಒಂದು ಹಕ್ಕಿ. ಸುಮಾರು ಇನ್ನೂರು ವರ್ಷಗಳಿಂದ ಇದರ ಬಗ್ಗೆ ಬರೆದಿಟ್ಟ ದಾಖಲೆಗಳಿವೆ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಹಕ್ಕಿ ಬದಲಾಗಿಲ್ಲ, ನಾವು ಬದಲಾಗಿದ್ದೇವೆ ಎಂಬುದು ಕಾಣುತ್ತದೆ. ಅದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ಯಾರು ಈ ಅತಿಥಿ?

ಗುಲಾಬಿ ಕಬ್ಬಕ್ಕಿ ನಮ್ಮ ಮನೆಯಂಗಳದ ಗೊರವಂಕಕ್ಕಿಂತ ತುಸು ಚಿಕ್ಕದು. ತಲೆ, ಕತ್ತು, ರೆಕ್ಕೆ, ಬಾಲ ಹೊಳೆಯುವ ಕಪ್ಪು. ಬೆನ್ನು ಮತ್ತು ಹೊಟ್ಟೆ ತಿಳಿ ಗುಲಾಬಿ. ತಲೆಯ ಹಿಂದೆ ಒಂದು ಜುಟ್ಟು. ಚಳಿಗಾಲದಲ್ಲಿ ಗುಲಾಬಿ ಬಣ್ಣ ಸ್ವಲ್ಪ ಮಾಸಿದಂತಿರುತ್ತದೆ, ಮರಿಹಕ್ಕಿಗಳು ಮಣ್ಣಿನ ಬಣ್ಣದವು. ಹೆಸರಿನಲ್ಲಿ 'ಕಬ್ಬು' ಕೇಳಿಸಿದರೂ ಇದು ಕಬ್ಬು ತಿನ್ನುವ ಹಕ್ಕಿಯಲ್ಲ! ನಮ್ಮ ಮರಾಠಿ ಬಂಧುಗಳು ಇದನ್ನು 'ಭೋರಡಿ' ಎಂದೂ 'ಪಳಸ ಮೈನಾ' ಎಂದೂ ಕರೆಯುತ್ತಾರೆ. ಪಳಸ ಎಂದರೆ ನಮ್ಮ ಮುತ್ತಲ ಗಿಡ. ಅದರ ಕೆಂಪು ಹೂವಿನ ಮಕರಂದಕ್ಕೆ ಮುತ್ತುವುದರಿಂದ ಆ ಹೆಸರು.

ಇವು ಮರಿ ಮಾಡುವುದು ನಮ್ಮಲ್ಲಿ ಅಲ್ಲ. ಪೂರ್ವ ಯುರೋಪಿನ ರೊಮೇನಿಯಾ, ಬಲ್ಗೇರಿಯಾದಿಂದ ಹಿಡಿದು ತುರ್ಕಿ, ಕಝಾಕಸ್ತಾನ, ಚೀನಾದ ಶಿಂಜಿಯಾಂಗ್‌ವರೆಗಿನ ಹುಲ್ಲುಗಾವಲುಗಳೇ ಇವುಗಳ ತವರು. ಮೇ, ಜೂನ್ ತಿಂಗಳಲ್ಲಿ ಅಲ್ಲಿ ಕಲ್ಲುಗುಡ್ಡೆಗಳ ಸಂದಿಯಲ್ಲಿ ಸಾವಿರಗಟ್ಟಲೆ ಒಟ್ಟಾಗಿ ಗೂಡು ಕಟ್ಟಿ, ಮಿಡತೆಗಳನ್ನು ತಿನ್ನಿಸಿ ಮರಿಗಳನ್ನು ಬೆಳೆಸುತ್ತವೆ. ಜುಲೈ ಕೊನೆಗೆ, ಆಗಸ್ಟ್‌ಗೆ ಮೊದಲ ಗುಂಪುಗಳು ಭಾರತದ ವಾಯವ್ಯ ಭಾಗಕ್ಕೆ ಬಂದೇ ಬಿಡುತ್ತವೆ. ಅಲ್ಲಿಂದ ಗುಜರಾತ, ಮಹಾರಾಷ್ಟ್ರ, ಕರ್ನಾಟಕ ಎಂದು ದಕ್ಷಿಣಕ್ಕೆ ಹರಡುತ್ತವೆ. ಏಪ್ರಿಲ್ ಹೊತ್ತಿಗೆ ತವರಿನ ದಾರಿ ಹಿಡಿಯುತ್ತವೆ. ಲೆಕ್ಕ ಹಾಕಿ ನೋಡಿ, ವರ್ಷದ ಹೆಚ್ಚಿನ ಭಾಗ ಇವು ಭಾರತದಲ್ಲೇ ಇರುತ್ತವೆ. ಹೀಗಿರುವಾಗ ಇವು ಬರೀ ಅತಿಥಿಗಳೇ ಎಂದು ಮಕ್ಕಳು ಕೇಳಿದರೆ ಉತ್ತರ ಕೊಡುವುದು ಕಷ್ಟ!

ಇದರ ವೈಜ್ಞಾನಿಕ ಹೆಸರು 'ಪಾಸ್ಟರ್ ರೋಸಿಯಸ್'. ಲ್ಯಾಟಿನ್ ಭಾಷೆಯಲ್ಲಿ ಪಾಸ್ಟರ್ ಎಂದರೆ ಕುರುಬ. ಮೇಯುವ ಕುರಿ, ದನಗಳ ಹಿಂದೆಯೇ ಓಡಾಡುತ್ತ, ಅವುಗಳ ಕಾಲಿಗೆ ಸಿಕ್ಕಿ ಹಾರುವ ಹುಳುಗಳನ್ನು ಹಿಡಿಯುವ ಹಕ್ಕಿಗೆ 'ಗುಲಾಬಿ ಕುರುಬ' ಎಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಕಿತ್ತೂರಿನ ಸೆರೆಯಾಳು ಬರೆದ ಟಿಪ್ಪಣಿ

1824ರ ಅಕ್ಟೋಬರ್ 23. ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನ್ಯಕ್ಕೂ ಕಂಪನಿ ಸರಕಾರದ ಸೈನ್ಯಕ್ಕೂ ಕಾಳಗ ನಡೆದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಂದು ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ಕೇವಲ 21 ವರ್ಷ. ಡಿಸೆಂಬರ್ ಆರಂಭದವರೆಗೆ ಅವರು ಕಿತ್ತೂರಿನ ಒತ್ತೆಯಾಳಾಗಿದ್ದರು. ಚೆನ್ನಮ್ಮ ಅವರನ್ನು ಜೀವಸಹಿತ ಬಿಟ್ಟುಕೊಟ್ಟಳು.

ಪಠ್ಯಪುಸ್ತಕದಲ್ಲಿ ಎಲಿಯಟ್ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಬಿಡುಗಡೆಯಾದ ಮೇಲೂ ಅವರು 1833ರವರೆಗೆ ಈ ಸೀಮೆಯಲ್ಲೇ ಕೆಲಸ ಮಾಡಿದರು. ಆಗ ಇಂಗ್ಲಿಷರು ಧಾರವಾಡ, ಬೆಳಗಾವಿ, ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ, ಮುಧೋಳ ಮೊದಲಾದ ಭಾಗಗಳನ್ನೆಲ್ಲ ಕೂಡಿಸಿ 'ದಕ್ಷಿಣ ಮರಾಠಾ ದೇಶ' ಎಂದು ಕರೆಯುತ್ತಿದ್ದರು. ಎಲಿಯಟ್ ಈ ಊರುಗಳನ್ನು ಸುತ್ತಿ ಕನ್ನಡ ಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದರು. ಚಾಲುಕ್ಯರ ಇತಿಹಾಸ ಬರೆಯಲು ಅವರು 1837ರಲ್ಲಿ ಪ್ರಕಟಿಸಿದ ಲೇಖನ ಮುಂದಿನ ವಿದ್ವಾಂಸರಿಗೆ ದಾರಿಯಾಯಿತು. ಅದರ ಜೊತೆಗೆ ಈ ಸೀಮೆಯ ಪ್ರಾಣಿ ಪಕ್ಷಿಗಳನ್ನೂ ಅವರು ಗಮನಿಸಿ ಬರೆದರು. ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಹಕ್ಕಿಗಳ ಬಗೆಗಿನ ಟಿಪ್ಪಣಿಗಳನ್ನು ಮದ್ರಾಸ್ ಸೈನ್ಯದ ವೈದ್ಯರಾಗಿದ್ದ ಥಾಮಸ್ ಜೆರ್ಡನ್ ಅವರಿಗೆ ಕೊಟ್ಟರು. ಜೆರ್ಡನ್ 1862ರಿಂದ 1864ರವರೆಗೆ ಹೊರತಂದ 'ಭಾರತದ ಪಕ್ಷಿಗಳು' ಎಂಬ ದೊಡ್ಡ ಗ್ರಂಥದಲ್ಲಿ ಅವನ್ನು ಬಳಸಿಕೊಂಡರು.

ಆ ಗ್ರಂಥದಲ್ಲಿ ನಮ್ಮ ಗುಲಾಬಿ ಕಬ್ಬಕ್ಕಿಗೆ ಬಂದ ಹೆಸರೇನು ಗೊತ್ತೇ? ಜೋಳದ ಹಕ್ಕಿ! ದಖನ್ನಿನ ಇಂಗ್ಲಿಷರು ಇದನ್ನು 'ಜೋವಾರಿ ಬರ್ಡ್' ಎಂದೂ ತಮಿಳು ಸೀಮೆಯವರು 'ಚೋಳಂ ಬರ್ಡ್' ಎಂದೂ ಕರೆಯುತ್ತಿದ್ದರು. ಚೋಳಂ ಎಂದರೂ ಜೋಳವೇ.

ಎಲಿಯಟ್ ಬರೆದದ್ದರ ಸಾರಾಂಶ ಹೀಗಿದೆ. ಬಿಳಿಜೋಳದ ಹೊಲಗಳಿಗೆ ಈ ಹಕ್ಕಿ ಬಹಳ ಹಾನಿ ಮಾಡುತ್ತದೆ. ರೈತ ಹೊಲದಲ್ಲಿ ಅನೇಕ ಕಾವಲುಗಾರರನ್ನು ನಿಲ್ಲಿಸಬೇಕಾಗುತ್ತದೆ. ಅವರ ಕೈಯಲ್ಲಿ ಕವಣೆ, ಮತ್ತು ಬೀಸಿದರೆ ಗುಂಡು ಹಾರಿದಂತೆ ಸದ್ದು ಮಾಡುವ ಉದ್ದನೆಯ ಹಗ್ಗದ ಚಾಟಿ. ಸೂರ್ಯ ಮೂಡುತ್ತಿದ್ದಂತೆ ಹಕ್ಕಿಗಳು ಎರಗುತ್ತವೆ, ಅದೇ ಕ್ಷಣ ಎಲ್ಲ ದಿಕ್ಕಿನಿಂದ ಕೂಗು, ಚಾಟಿಯ ಸದ್ದು ಏಳುತ್ತದೆ. ಒಂದು ಕ್ಷಣ ದಂಟಿನ ಮೇಲೆ ಕುಳಿತರೂ ಸಾಕು, ಹಕ್ಕಿ ನಾಲ್ಕಾರು ಕಾಳು ಕಿತ್ತುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಹಾಲು ತುಂಬಿದ ಎಳೆಗಾಳು. ಬೆಳಗಿನ ಒಂಬತ್ತು, ಹತ್ತು ಗಂಟೆಗೆ ಗಲಾಟೆ ನಿಲ್ಲುತ್ತದೆ. ಸಂಜೆ ಮತ್ತೆ ಶುರು. ಸೂರ್ಯ ಮುಳುಗಿದ ಮೇಲೆ ಸಾವಿರ ಸಾವಿರ ಹಕ್ಕಿಗಳು ಹಿಂಡು ಹಿಂಡಾಗಿ ರಾತ್ರಿ ಕಳೆಯಲು ಮರಗಳ ಕಡೆಗೆ ಹೋಗುತ್ತವೆ.

ಇಂದು ನಾವು ಕೆರೆದಂಡೆಯಲ್ಲಿ ನಿಂತು ಬೆರಗಿನಿಂದ ನೋಡುವ ಸಂಜೆಯ ಹಿಂಡು ಇದೇ. ಆದರೆ ಅಂದಿನ ರೈತನಿಗೆ ಅದು ನೋಡಿ ನಲಿಯುವ ದೃಶ್ಯವಾಗಿರಲಿಲ್ಲ, ಆ ದಿನದ ಯುದ್ಧ ಮುಗಿಯಿತು ಎಂಬ ಸಮಾಧಾನವಾಗಿತ್ತು.

ಅದೇ ಕಾಲದಲ್ಲಿ ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ದಖನ್ನಿನ ಅಂಕಿ ಅಂಶಗಳನ್ನು ಕಲೆಹಾಕುತ್ತಿದ್ದರು. ಅವರು 1832ರಲ್ಲಿ ಪ್ರಕಟಿಸಿದ ದಖನ್ನಿನ ಪಕ್ಷಿಗಳ ಪಟ್ಟಿಯಲ್ಲಿಯೂ ಈ ಹಕ್ಕಿ ಇದೆ. ರೈತರ ಪಾಲಿಗೆ ಇದು ಮಿಡತೆಯಷ್ಟೇ ದೊಡ್ಡ ವಿಪತ್ತು ಎಂಬುದು ಅವರ ಅಭಿಪ್ರಾಯ. ಧಾರವಾಡದಿಂದ ಪುಣೆಯವರೆಗೆ ಎಲ್ಲಿ ಜೋಳವಿತ್ತೋ ಅಲ್ಲೆಲ್ಲ ಒಂದೇ ದೂರು!

ಅಟ್ಟದ ಮೇಲಿನ ಬಾಲ್ಯ

ಬೆಳೆಯ ಮೇಲೆ ಎರಗುವ ಹಕ್ಕಿಯನ್ನು ಓಡಿಸುವ ಕೆಲಸ ಎಷ್ಟು ಹಳೆಯದೆಂದರೆ ಹಳಗನ್ನಡದಲ್ಲಿ ಅದಕ್ಕೆಂದೇ 'ಸೋವು' ಎಂಬ ಕ್ರಿಯಾಪದವಿದೆ. ನಮ್ಮ ಕಡೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುತ್ತಿದ್ದರು. ಅದರ ಮೇಲೆ ನಿಂತರೆ ಜೋಳದ ತೆನೆಗಳೆಲ್ಲ ಕಣ್ಣ ಕೆಳಗೆ. ಮಣ್ಣಿನ ಉಂಡೆ ಅಥವಾ ಸಣ್ಣ ಕಲ್ಲು ಇಟ್ಟು ಕವಣೆ ಬೀಸುವುದು, ಡಬ್ಬಿ ಬಡಿಯುವುದು, 'ಹೋ' ಎಂದು ಕೂಗುವುದು, ಬೆದರುಬೊಂಬೆ ನಿಲ್ಲಿಸುವುದು. ತೆನೆಯಲ್ಲಿ ಹಾಲುಗಾಳು ಕಟ್ಟಿದಾಗಿನಿಂದ ಕೊಯ್ಲಿನವರೆಗೆ ಈ ಕಾವಲು ತಪ್ಪುವಂತಿರಲಿಲ್ಲ. ನಾವು ಸೀತನಿ ಸುಟ್ಟು ತಿನ್ನುವ ಎಳೆಗಾಳೇ ಹಕ್ಕಿಗೂ ಪ್ರೀತಿ. ಜಗಳದ ಮೂಲ ಅದೇ!

ಈ ಕಾವಲಿಗೆ ನಿಲ್ಲುತ್ತಿದ್ದವರು ಯಾರು? ದುಡಿಯುವ ಗಂಡಸರಿಗೆ, ಹೆಂಗಸರಿಗೆ ಬೇರೆ ಕೆಲಸ ಇರುತ್ತಿತ್ತು. ಆದ್ದರಿಂದ ಅಟ್ಟ ಹತ್ತುತ್ತಿದ್ದವರು ಹೆಚ್ಚಾಗಿ ಮುದುಕರು ಮತ್ತು ಮಕ್ಕಳು. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು, ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ದಂಡವನ್ನೂ ಗೊತ್ತು ಮಾಡಿದರು. ಇಂಥ ಕಾಯದೆ ಯಾಕೆ ಬೇಕಾಯಿತು ಎಂದು ಮಕ್ಕಳಿಗೆ ವಿವರಿಸುವಾಗ ನಾವು ಬಡತನ, ಅಜ್ಞಾನ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹೊಲದಲ್ಲಿ ಜೋಳದ ಹಕ್ಕಿ ಎರಗುತ್ತಿದ್ದಾಗ ಮನೆಯ ವರ್ಷದ ರೊಟ್ಟಿ ಉಳಿಸುವ ಹೊಣೆ ಎಂಟು ವರ್ಷದ ಹುಡುಗ ಅಥವಾ ಹುಡುಗಿಯ ಮೇಲೆ ಇತ್ತು ಎಂದು ಹೇಳಿದರೆ ಅವರಿಗೆ ಕೂಡಲೇ ತಿಳಿಯುತ್ತದೆ. ಎಲಿಯಟ್ ಬರೆದ ವೇಳೆಯನ್ನೇ ಗಮನಿಸಿ: ಸೂರ್ಯೋದಯದಿಂದ ಹತ್ತು ಗಂಟೆಯವರೆಗೆ, ಮತ್ತೆ ಸಂಜೆ. ಬೆಳಗಿನ ಕಾವಲು ಮುಗಿಸಿ ಅಟ್ಟದಿಂದ ಇಳಿದು ನೇರವಾಗಿ ಹನ್ನೊಂದರ ಶಾಲೆಗೆ ಓಡುತ್ತಿದ್ದೆವು ಎಂದು ಹೇಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಾಜರಿ ಪುಸ್ತಕದ ಗೈರುಹಾಜರಿಯ ಹಿಂದೆ ಹೀಗೊಂದು ಹಕ್ಕಿಯ ಕಥೆ ಇರಬಹುದು ಎಂದು ಯಾರು ಯೋಚಿಸುತ್ತಾರೆ?

ವೈರಿಯೋ? ಮಿತ್ರನೋ?

ನಮ್ಮಲ್ಲಿ ಕವಣೆ ಏಟು ತಿಂದ ಈ ಹಕ್ಕಿಗೆ ತವರಿನಲ್ಲಿ ಮಾತ್ರ ದೇವರ ಸ್ಥಾನ! ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪ್ಲಿನಿ ಎಂಬ ವಿದ್ವಾಂಸ, ಇಂದಿನ ತುರ್ಕಿ ಮತ್ತು ಸಿರಿಯಾದ ಗಡಿಯಲ್ಲಿರುವ ಕ್ಯಾಸಿಯಸ್ ಪರ್ವತದ ಜನರ ಬೆಳೆಗೆ ಮಿಡತೆ ಬಿದ್ದಾಗ ಅವರ ಪ್ರಾರ್ಥನೆಗೆ ಮೆಚ್ಚಿ ದೇವರು ಹಕ್ಕಿಗಳನ್ನು ಕಳಿಸುತ್ತಾನೆ ಎಂಬ ನಂಬಿಕೆಯನ್ನು ಬರೆದಿದ್ದಾನೆ. ಅವು ಗುಲಾಬಿ ಕಬ್ಬಕ್ಕಿಗಳೇ ಇರಬೇಕು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಆರ್ಮೇನಿಯಾದ ಕಡೆ ಅರರಾಟ್ ಪರ್ವತದ ಒಂದು ಪವಿತ್ರ ಬುಗ್ಗೆಯ ನೀರನ್ನು ಹೊಲಕ್ಕೆ ಒಯ್ದರೆ ಈ ಹಕ್ಕಿಗಳು ನೀರನ್ನು ಹಿಂಬಾಲಿಸಿ ಬಂದು ಮಿಡತೆ ತಿನ್ನುತ್ತವೆ ಎಂದು ಜನ ನಂಬಿದ್ದರು. ಇದು ಬರೀ ನಂಬಿಕೆಯ ಮಾತಲ್ಲ. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ 1980ರ ದಶಕದಿಂದ ಮಿಡತೆ ಹತೋಟಿಗಾಗಿ ಹುಲ್ಲುಗಾವಲುಗಳಲ್ಲಿ ಕಲ್ಲುಗುಡ್ಡೆ ಒಟ್ಟಿ, ಇಟ್ಟಿಗೆಯ ಗೂಡು ಕಟ್ಟಿ ಈ ಹಕ್ಕಿಗಳನ್ನು ಕರೆಸಿಕೊಳ್ಳುತ್ತಿದ್ದಾರೆ.

ನಮ್ಮ ದೇಶದಲ್ಲಿಯೂ ಇದರ ಇನ್ನೊಂದು ಮುಖವನ್ನು ತೋರಿಸಿದವರು ಡಾ. ಸಲೀಂ ಅಲಿ. ಹೂವು ಮತ್ತು ಹಕ್ಕಿಗಳ ಸಂಬಂಧದ ಬಗ್ಗೆ 1932ರಲ್ಲಿ ಅವರು ಬರೆದ ಲೇಖನ ಪ್ರಸಿದ್ಧವಾಗಿದೆ. ಮುತ್ತಲ, ಬೂರುಗ, ಹಾಲವಾಣದಂಥ ಕೆಂಪು ಹೂವಿನ ಮರಗಳಿಗೆ ಕಬ್ಬಕ್ಕಿ, ಗೊರವಂಕಗಳು ಮಕರಂದಕ್ಕಾಗಿ ಹೋದಾಗ ತಲೆಗೆ ಪರಾಗ ಮೆತ್ತಿಕೊಂಡು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಹೊಲದಲ್ಲಿ ಕಾಳು ತಿಂದ ಕೊಕ್ಕೇ ಅತ್ತ ಮಿಡತೆ, ಕಂಬಳಿಹುಳು ತಿನ್ನುತ್ತದೆ, ಇತ್ತ ಕಾಡಿನ ಮರಕ್ಕೆ ಕಾಯಿ ಕಟ್ಟಿಸುತ್ತದೆ. ಹಾಗಾದರೆ ಎಲಿಯಟ್, ಸೈಕ್ಸ್ ಬರೆದದ್ದು ಸುಳ್ಳೇ? ಅಲ್ಲ. ರೈತನ ನಷ್ಟವೂ ಸತ್ಯ, ಹಕ್ಕಿಯ ಉಪಕಾರವೂ ಸತ್ಯ. ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಒಂದೇ ಹಕ್ಕಿ ವೈರಿಯೂ ಆಗುತ್ತದೆ, ಮಿತ್ರನೂ ಆಗುತ್ತದೆ. ಇತಿಹಾಸ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಜೋಳ ಹೋಯಿತು, ಕಬ್ಬು ಬಂತು

ನಮ್ಮ ಯಡ್ರಾವದ ಒಂದು ಬದಿಗೆ ಇಚಲಕರಂಜಿಯ ಮಗ್ಗಗಳ ಸದ್ದು, ಇನ್ನೊಂದು ಬದಿಗೆ ಕಬ್ಬಿನ ಹಸಿರು. ಇಲ್ಲಿಂದ ಪೂರ್ವಕ್ಕೆ ಹರಿದ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಇಂದಿನ ಮಕ್ಕಳಿಗೆ ಶಿರೋಳ ತಾಲೂಕು ಎಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರು. ಆದರೆ ಇದು ಹಿಂದೆ ಜೋಳದ ಸೀಮೆಯೂ ಆಗಿತ್ತು.

ಬದಲಾವಣೆ ನೀರಿನಿಂದ ಬಂತು. ಶಾಹೂ ಮಹಾರಾಜರ ಕಾಲದಲ್ಲಿ ಆರಂಭವಾದ ರಾಧಾನಗರಿ ಅಣೆಕಟ್ಟು ಸ್ವಾತಂತ್ರ್ಯದ ನಂತರ ಪೂರ್ಣಗೊಂಡಿತು. ನದಿಗಳಿಗೆ ಅಲ್ಲಲ್ಲಿ ಬಂಧಾರೆಗಳು ಬಂದವು. ಕಲ್ಲಿನ ಕಂಬಗಳ ನಡುವೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ, ಮಳೆಗಾಲಕ್ಕೆ ಮೊದಲು ಹಲಗೆ ತೆಗೆಯುವ ಈ ಪದ್ಧತಿಗೆ ದೇಶದ ಎಲ್ಲೆಡೆ 'ಕೊಲ್ಹಾಪುರ ಮಾದರಿ ಬಂಧಾರೆ' ಎಂದೇ ಹೆಸರು. ಪಂಚಗಂಗೆಯ ಶಿರೋಳ, ತೇರವಾಡ ಬಂಧಾರೆಗಳು, ಕೃಷ್ಣೆಯ ರಾಜಾಪುರ ಬಂಧಾರೆ ನಮ್ಮ ಕಣ್ಣ ಮುಂದಿವೆ. ಬೇಸಿಗೆಯಲ್ಲೂ ನೀರು ಸಿಕ್ಕ ಮೇಲೆ ರೈತ ಜೋಳ ಬಿಟ್ಟು ಕಬ್ಬು ಹಚ್ಚಿದ. ಅದರಲ್ಲಿ ತಪ್ಪೇನಿಲ್ಲ, ಕಬ್ಬಿನಿಂದಲೇ ನಮ್ಮ ಎಷ್ಟೋ ಮನೆಗಳ ಮಕ್ಕಳು ಕಾಲೇಜು ಕಂಡರು. ಕಬ್ಬಿಗೆ ಹಕ್ಕಿಯ ಕಾಟವಿಲ್ಲ, ಆದ್ದರಿಂದ ಅಟ್ಟ ಬೇಡ, ಕವಣೆ ಬೇಡ. ಹೀಗೆ ನೂರಾರು ವರ್ಷಗಳ ಹಕ್ಕಿ ಕಾವಲು ನಮ್ಮ ನೀರಾವರಿ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನಲ್ಲಿ ಸದ್ದಿಲ್ಲದೆ ಮುಗಿದುಹೋಯಿತು. ಸೊಲ್ಲಾಪುರ, ವಿಜಯಪುರದ ಜೋಳದ ಸೀಮೆಯಲ್ಲಿ ಮಾತ್ರ ಭೋರಡಿಗೂ ರೈತನಿಗೂ ಹಳೆಯ ಜಗಳ ಇನ್ನೂ ನಡೆದಿದೆ.

ಅದೇ ನೀರು ಇನ್ನೊಂದು ಕೆಲಸವನ್ನೂ ಮಾಡಿತು. ಬಂಧಾರೆಯ ಹಿನ್ನೀರು, ಕಾಲುವೆಯ ಬಸಿನೀರು, ಅತಿಯಾದ ನೀರಿನಿಂದ ಸವಳು ಬಿದ್ದ ಹೊಲಗಳ ಅಂಚಿನಲ್ಲಿ ಜೊಂಡು ಬೆಳೆಯಿತು, ಜಾಲಿ ಬೆಳೆಯಿತು. ರೈತನಿಗೆ ನಷ್ಟವಾದ ಇಂಥ ಜಾಗವೇ ಹಕ್ಕಿಗೆ ರಾತ್ರಿಯ ವಸತಿಯಾಗಬಲ್ಲದು. ಸುತ್ತ ನೀರಿದ್ದರೆ ಬೆಕ್ಕು, ನರಿ ಬರುವುದು ಕಷ್ಟ. ಒತ್ತಾದ ಜೊಂಡು ಮತ್ತು ಜಾಲಿಯ ಮುಳ್ಳು ಗಿಡುಗನಿಂದ ಕಾಪಾಡುತ್ತವೆ. ಕುಡಿಯಲು, ಮೀಯಲು ನೀರು ಹತ್ತಿರವೇ ಇರುತ್ತದೆ. ಇಷ್ಟೇ ಅಲ್ಲ, ಎಲ್ಲಿ ಮೇವು ಹೆಚ್ಚಿದೆ ಎಂಬ ಸುದ್ದಿ ಇಂಥ ತಂಗುದಾಣದಲ್ಲಿ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಸಿಗುತ್ತದೆ ಎಂಬ ವಾದವನ್ನು ವಾರ್ಡ್ ಮತ್ತು ಝಹಾವಿ ಎಂಬ ವಿಜ್ಞಾನಿಗಳು 1973ರಲ್ಲಿ ಮಂಡಿಸಿದರು. ಒಂದು ರೀತಿಯಲ್ಲಿ ಇದು ಹಕ್ಕಿಗಳ ಸಂಜೆಯ ಕಟ್ಟೆ ಪುರಾಣ!

ಆಕಾಶದ ಕವಾಯತು

ತಂಗುದಾಣಕ್ಕೆ ಇಳಿಯುವ ಮೊದಲು ಹಿಂಡು ಆಕಾಶದಲ್ಲಿ ಮಾಡುವ ಆಟವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೊಗೆಯಂತೆ ಹರಡುತ್ತದೆ, ಚೆಂಡಿನಂತೆ ಮುದುಡುತ್ತದೆ, ಒಮ್ಮೆಲೇ ತಿರುಗಿದಾಗ ಇಡೀ ಹಿಂಡಿನ ಬಣ್ಣವೇ ಬದಲಾಗುತ್ತದೆ. ನಡುವೆ ಡೇಗೆಯೊಂದು ನುಗ್ಗಿದರೆ ಕಪ್ಪು ಅಲೆಗಳು ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತವೆ. ಆದರೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ನಮ್ಮ ಶಾಲೆಯ ಕವಾಯತಿನಲ್ಲಿ ಐವತ್ತು ಮಕ್ಕಳನ್ನು ಒಂದೇ ಸಲ ತಿರುಗಿಸಲು ನಾವು ಪಡುವ ಪಾಡು ನೆನಪಿಸಿಕೊಳ್ಳಿ! ಅಲ್ಲಿ ಶಿಳ್ಳೆ ಊದುವವರು ಯಾರು?

ಇಂಗ್ಲೆಂಡಿನ ಎಡ್ಮಂಡ್ ಸೆಲೂಸ್ 1931ರಲ್ಲಿ ಬರೆದ ಪುಸ್ತಕದಲ್ಲಿ, ಹಕ್ಕಿಗಳ ಮನಸ್ಸಿನಿಂದ ಮನಸ್ಸಿಗೆ ವಿಚಾರ ಹರಿಯುತ್ತಿರಬೇಕು ಎಂದು ಊಹಿಸಿದ್ದರು. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬವರು ಕಂಪ್ಯೂಟರಿನಲ್ಲಿ ಇದನ್ನು ಬಿಡಿಸಿ ತೋರಿಸಿದರು. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಪಕ್ಕದವರು ಹೊರಟ ದಿಕ್ಕಿಗೇ ಹೊರಡು, ಗುಂಪಿನಿಂದ ದೂರ ಹೋಗಬೇಡ. ಈ ಮೂರು ನಿಯಮ ಪಾಲಿಸಿದರೆ ಸಾಕು, ನಾಯಕನಿಲ್ಲದೆಯೂ ಹಿಂಡು ಹಾರುತ್ತದೆ! ಮುಂದೆ ಇಟಲಿಯ ವಿಜ್ಞಾನಿಗಳು ರೋಮ್ ನಗರದ ರೈಲು ನಿಲ್ದಾಣದ ಬಳಿ ಚಳಿಗಾಲದಲ್ಲಿ ತಂಗುವ ಅಲ್ಲಿಯ ಕಬ್ಬಕ್ಕಿಗಳನ್ನು, ಹತ್ತಿರದ ವಸ್ತುಸಂಗ್ರಹಾಲಯದ ಮಾಳಿಗೆಯಿಂದ ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಸೆರೆಹಿಡಿದರು. ಪ್ರತಿ ಹಕ್ಕಿ ಎಲ್ಲಿದೆ ಎಂದು ಲೆಕ್ಕ ಹಾಕಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿ ಹಕ್ಕಿ ಗಮನಿಸುವುದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ! ಆ ತಂಡದಲ್ಲಿದ್ದ ಜಾರ್ಜಿಯೊ ಪರಿಸಿ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅದು ಬೇರೆ ಸಂಶೋಧನೆಗೆ ಸಂದ ಪ್ರಶಸ್ತಿಯಾದರೂ, ಅಂಥ ವಿಜ್ಞಾನಿಯೂ ಹಕ್ಕಿಯ ಹಿಂಡನ್ನು ನೋಡುತ್ತ ನಿಂತರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಕವಣೆಯ ಬದಲು ಕ್ಯಾಮೆರಾ

ಇಂದು ಹಿಂಡು ಬಂದಾಗ ಕೈಗೆ ಬರುವುದು ಕ್ಯಾಮೆರಾ, ಇಲ್ಲವೇ ಮೊಬೈಲು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ ಇದಕ್ಕೆ ಒಳ್ಳೆಯ ಉದಾಹರಣೆ. ಕರಿಜಾಲಿ ಮರಗಳು ತುಂಬಿದ ಈ ಹಳೆಯ ನೀರಾವರಿ ಕೆರೆ 98.76 ಹೆಕ್ಟೇರ್ ವಿಸ್ತಾರವಾಗಿದೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಬಣ್ಣದ ಕೊಕ್ಕರೆಗಳ ಜೊತೆಗೆ ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ನೋಡಲು, ಫೋಟೋ ತೆಗೆಯಲು ಜನ ದೂರದಿಂದ ಬರುತ್ತಾರೆ. ಒಂದು ಊರಿನ ಕೆರೆ, ಊರವರು ಕಡಿಯದೆ ಉಳಿಸಿದ ಜಾಲಿ ಮರಗಳು. ಅಷ್ಟರಿಂದಲೇ ಆ ಊರಿನ ಹೆಸರು ಜಗತ್ತಿನ ಪಟ್ಟಿಯಲ್ಲಿ ಬಂತು!

ಹಿಂಡು ನೋಡಲು ಹೋಗುವ ಶಾಲೆಗಳಿಗೆ ಕೆಲವು ಸೂಚನೆಗಳು:

ವೇಳೆ: ಜನವರಿಯಲ್ಲಿ ಸಂಜೆ ಐದೂವರೆಗೆ ಸ್ಥಳದಲ್ಲಿ ಇರಬೇಕು. ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆಯೇ ಮುಖ್ಯ. ಬೆಳಿಗ್ಗೆ ಹಿಂಡು ಏಳುವುದು ಸೂರ್ಯೋದಯದ ಹೊತ್ತಿಗೆ, ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ.

ಫೋಟೋ: ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಕೆಂಪು ಆಕಾಶದ ಮೇಲೆ ಹಿಂಡು ಕಪ್ಪಾಗಿ ಕಾಣುತ್ತದೆ. ಇದಕ್ಕೆ ಮೊಬೈಲು ಸಾಕು. ಗುಲಾಬಿ ಬಣ್ಣ ಬೇಕಾದರೆ ಸೂರ್ಯ ನಮ್ಮ ಬೆನ್ನಿಗಿರಬೇಕು. ದೊಡ್ಡ ಕ್ಯಾಮೆರಾ ಇದ್ದವರು ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟರೆ ಹಕ್ಕಿಗಳು ಬಿಡಿಬಿಡಿಯಾಗಿ ಸಿಗುತ್ತವೆ. ಹದಿನೈದನೇ ಒಂದು ಭಾಗಕ್ಕೆ ಇಟ್ಟರೆ ಗೆರೆ ಎಳೆದಂತೆ ಅವುಗಳ ಚಲನೆ ಸಿಗುತ್ತದೆ.

ಎಣಿಕೆ: ಮೊದಲು ಹತ್ತು ಹಕ್ಕಿ ಎಣಿಸಿ ಅವು ಎಷ್ಟು ಜಾಗ ತುಂಬುತ್ತವೆ ನೋಡಿಕೊಳ್ಳಬೇಕು. ಆ ಅಳತೆಯಿಂದ ನೂರು, ನೂರರಿಂದ ಸಾವಿರ ಅಂದಾಜು ಮಾಡಬೇಕು. ಫೋಟೋ ಮೇಲೆ ಚೌಕ ಎಳೆದು ಎಣಿಸಿದರೆ ಗಣಿತದ ಪಾಠವೂ ಆದೀತು.

ಎಚ್ಚರಿಕೆ: ಒಳ್ಳೆಯ ಫೋಟೋಗಾಗಿ ಚಪ್ಪಾಳೆ ತಟ್ಟಿ, ಕಲ್ಲೆಸೆದು, ಪಟಾಕಿ ಹಾರಿಸಿ ಹಿಂಡನ್ನು ಎಬ್ಬಿಸಬಾರದು. ಡ್ರೋನ್ ಬೇಡ. ಅಂದಿನ ಕವಣೆ ಹೊಟ್ಟೆಗಾಗಿ ಬೀಸಿದ್ದು. ಇಂದು ಬರೀ ಮೋಜಿಗಾಗಿ ಹಕ್ಕಿ ಎಬ್ಬಿಸಿದರೆ ನಾವು ಅವರಿಗಿಂತ ಮುಂದುವರಿದವರು ಎಂದು ಹೇಳಿಕೊಳ್ಳುವಂತಿಲ್ಲ.

ಉಳಿಸಬೇಕಾದದ್ದು ಎರಡು

ಮೊದಲನೆಯದು ತಂಗುದಾಣ. ಜೊಂಡಿಗೆ ಬೆಂಕಿ ಹಚ್ಚುವುದು, ಕೆರೆಯಂಗಳದ ಜಾಲಿ ಕಡಿಯುವುದು ನಮಗೆ 'ಸ್ವಚ್ಛತೆ' ಎನಿಸುತ್ತದೆ. ಪಂಚಗಂಗೆಯಲ್ಲಿ ಕೊಳಚೆ ಸೇರಿ ಜಲಪರ್ಣಿ ಹಬ್ಬಿ, ಮೀನು ಸತ್ತು ತೇಲುವುದನ್ನು ತೇರವಾಡ ಬಂಧಾರೆಯ ಬಳಿ ಎಷ್ಟೋ ಸಲ ನೋಡಿದ್ದೇವೆ. ಸಾವಿರಾರು ಕಿಲೋಮೀಟರು ಹಾರಿ ಬರುವ ಹಕ್ಕಿಗೆ ಬೇಕಾದದ್ದು ಒಂದು ಎಕರೆ ಮುಳ್ಳು, ಒಂದಿಷ್ಟು ಜೊಂಡು, ಸ್ವಲ್ಪ ಶುದ್ಧ ನೀರು. ಇಷ್ಟನ್ನು ಬಿಟ್ಟುಕೊಟ್ಟರೆ ಊರಿಗೆ ನಷ್ಟವೇನಿಲ್ಲ.

ಎರಡನೆಯದು ನೆನಪು. ಎಲಿಯಟ್ ಹಕ್ಕಿಯ ಬಗ್ಗೆ ಬರೆದರು, ಕಾವಲಿನ ಬಗ್ಗೆಯೂ ಬರೆದರು. ಆದರೆ ಅಟ್ಟದ ಮೇಲೆ ನಿಂತವರ ಒಂದು ಹೆಸರೂ ಅಲ್ಲಿ ಇಲ್ಲ. ಅವರು ಹಕ್ಕಿಯನ್ನು ಏನೆಂದು ಕರೆದರು, ಏನೆಂದು ಕೂಗಿದರು, ಕವಣೆಯನ್ನು ಯಾವ ನಾರಿನಿಂದ ಹೆಣೆದರು, ಎಷ್ಟು ದಿನ ಶಾಲೆ ತಪ್ಪಿಸಿಕೊಂಡರು ಎಂಬುದು ಗೊತ್ತಿರುವುದು ಜೋಳ ಕಾಯ್ದ ನಮ್ಮ ಅಜ್ಜ ಅಜ್ಜಿಯರಿಗೆ ಮಾತ್ರ. ಅವರಲ್ಲಿ ಕನ್ನಡ ಮಾತಾಡುವವರಿದ್ದಾರೆ, ಮರಾಠಿ ಮಾತಾಡುವವರಿದ್ದಾರೆ. ಹಕ್ಕಿಗೆ ಎರಡೂ ಭಾಷೆಯ ಬೈಗುಳ ಬಿದ್ದಿವೆ! ಕಬ್ಬಿನ ಮಧ್ಯೆ ಬೆಳೆದ ಮೊಮ್ಮಕ್ಕಳಿಗೆ ಅದನ್ನು ಕೇಳಬೇಕು ಎಂದು ಹೊಳೆಯುವುದೇ ಇಲ್ಲ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಐದನೇ ವರ್ಗದಿಂದ ಏಳನೇ ವರ್ಗದವರೆಗಿನ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯ ಅಥವಾ ಓಣಿಯ ಒಬ್ಬ ಹಿರಿಯರನ್ನು ಕೂಡಿಸಿಕೊಂಡು ಹಕ್ಕಿ ಕಾಯ್ದ ಕಥೆ ಕೇಳಿ ಒಂದು ಪುಟ ಬರೆದು ತರಲಿ. ಹೊಲದ ಹೆಸರು, ಬೆಳೆಯ ಹೆಸರು, ಹಕ್ಕಿಯ ಹೆಸರು ಅವರು ಹೇಳಿದಂತೆಯೇ ಇರಲಿ. ಅದರ ಪಕ್ಕದ ಪುಟದಲ್ಲಿ ಈ ಚಳಿಗಾಲ ತಾವು ನೋಡಿದ ಹಿಂಡಿನ ದಿನಾಂಕ, ಜಾಗ, ಅಂದಾಜು ಸಂಖ್ಯೆ ಬರೆಯಲಿ, ಫೋಟೋ ಇದ್ದರೆ ಅಂಟಿಸಲಿ. ಎರಡೂ ಪುಟಗಳನ್ನು ಶಾಲೆಯ ಕಪಾಟಿನಲ್ಲಿ ಜೋಪಾನವಾಗಿ ಇಡೋಣ. ಹಕ್ಕಿ ಮುಂದಿನ ವರ್ಷವೂ ಬರುತ್ತದೆ. ಅದನ್ನು ಕಾಯ್ದವರು ಮುಂದಿನ ವರ್ಷವೂ ಇರುತ್ತಾರೆ ಎಂದು ಹೇಳಲಾಗದು.